ಬೀಜದ ಗಡಿಗೆ, ಪಹಣಿಯ ಹೆಸರು
(ಹಾವೇರಿ ಭಾಗದ ರೈತ ಮಹಿಳೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಈ ವರ್ಷ ಹೊಲಕ್ಕೆ ಏನು ಬಿತ್ತಬೇಕು ಎಂದು ನಿಮ್ಮ ಮನೆಯಲ್ಲಿ ತೀರ್ಮಾನ ಮಾಡುವವರು ಯಾರು? ಬೀಜ ಎಲ್ಲಿಂದ ಬಂತು ಎಂದು ನೋಡಿದರೆ ಉತ್ತರ ಸಿಕ್ಕಿಬಿಡುತ್ತದೆ. ಪೇಟೆಯಿಂದ ಚೀಲ ಬಂದಿದ್ದರೆ, ಪೇಟೆಗೆ ಹೋದವರು, ಉದ್ರಿ ಹೇಳಿ ಬಂದವರು ತೀರ್ಮಾನ ಮಾಡಿರುತ್ತಾರೆ. ಮನೆಯ ಗಡಿಗೆಯಿಂದ ಬೀಜ ತೆಗೆದಿದ್ದರೆ, ಅದನ್ನು ಆರಿಸಿ, ಒಣಗಿಸಿ, ನುಶಿ ಬೀಳದಂತೆ ಕಾಯ್ದವರ ಮಾತು ನಡೆದಿರುತ್ತದೆ. ಆ ಕೆಲಸ ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳದೇ. ರೈತ ಮಹಿಳೆಯರ ಸಬಲೀಕರಣ ಎಂದಾಗ ಎಲ್ಲರೂ ಸಾಲ, ಸಂಘ, ಹೊಲಿಗೆ ಯಂತ್ರದ ಮಾತಾಡುತ್ತಾರೆ. ಅವೂ ಬೇಕು. ಆದರೆ ಬೇಸಾಯದ ಒಳಗೇ ನಿಮ್ಮ ಮಾತು ನಡೆಯಬೇಕಾದರೆ ಎರಡು ವಸ್ತು ನಿಮ್ಮ ಕೈಯಲ್ಲಿರಬೇಕು: ಬೀಜ ಮತ್ತು ಪಹಣಿ, ಅಂದರೆ ಹೊಲ ಯಾರ ಹೆಸರಿನಲ್ಲಿದೆ ಎಂದು ಹೇಳುವ ಸರ್ಕಾರಿ ದಾಖಲೆ. ಹೆಚ್ಚು ಹೊತ್ತು ಬೀಜದ ಬಗ್ಗೆಯೇ ಮಾತಾಡುತ್ತೇನೆ. ಕೊನೆಗೆ ಪಹಣಿಗೆ ಬರುತ್ತೇನೆ.

ಮೊದಲು ಒಂದು ಮಾತು. ಬೀಜದ ವಿದ್ಯೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಧಾರವಾಡದ ವಿಜ್ಞಾನಿಗಳು 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಕೊಟ್ಟರು. ಅದರ ಬೀಜ ಕೈಯಿಂದಲೇ ತಯಾರಾಗಬೇಕಿತ್ತು. ಇವತ್ತಿಗೂ ರಾಣೆಬೆನ್ನೂರು ಕಡೆ ಹತ್ತಿ, ತರಕಾರಿಗಳ ಹೈಬ್ರಿಡ್ ಬೀಜ ಮಾಡುವ ಹೊಲಗಳಿಗೆ ಹೋಗಿ ನೋಡಿ. ನಾಳೆ ಅರಳುವ ಹತ್ತಿ ಮೊಗ್ಗನ್ನು ಇವತ್ತು ಇಳಿಹೊತ್ತಿನಲ್ಲಿ ಗುರುತಿಸಿ, ಹೆಬ್ಬೆರಳಿನ ಉಗುರು ಊರಿ ಎಸಳು, ಕೇಸರಗಳನ್ನು ಒಟ್ಟಿಗೆ ಸುತ್ತಿ ಸುಲಿದು, ಒಳಗಿನ ಕಾಯಿಗೆ ಗಾಯವಾಗದಂತೆ ತೆಗೆಯುವವರು ಹೆಣ್ಣುಮಕ್ಕಳು. ಮರುದಿನ ಬೆಳಗ್ಗೆ ಗಂಡು ಹೂವಿನ ಪರಾಗ ತಂದು ಸವರುವವರೂ ಅವರೇ. ಉಗುರು ಸ್ವಲ್ಪ ಆಳಕ್ಕೆ ಹೋದರೆ ಕಾಯಿ ಉದುರುತ್ತದೆ. ಒಂದು ಕೇಸರ ಉಳಿದರೂ ಬೀಜದ ಶುದ್ಧತೆ ಕೆಡುತ್ತದೆ. ಇಷ್ಟು ನಾಜೂಕಿನ ಕೆಲಸ ದಿನಗೂಲಿಗೆ ಮಾಡುವ ಕೈಗಳೇ ಸಂಜೆ ಅಂಗಡಿಯಲ್ಲಿ ದುಬಾರಿ ಪೊಟ್ಟಣದ ಮುಂದೆ ನಿಂತಿರುತ್ತವೆ. ಇದು ನನಗೆ ಬಹಳ ನೋವಿನ ಸಂಗತಿ.

ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಉಳಿಸಿ ಬಿತ್ತಲು ಬರುವುದಿಲ್ಲ. ಎರಡು ಬೇರೆ ತಳಿ ಕೂಡಿಸಿದ ಮೊದಲ ಪೀಳಿಗೆ ಒಂದೇ ಸಮ ಬರುತ್ತದೆ. ಅದರ ಕಾಳನ್ನೇ ಬಿತ್ತಿದರೆ ಗುಣ ಚದುರಿ, ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದು ಬೇಗ, ಒಂದು ತಡವಾಗಿ ಬರುತ್ತದೆ. ಆದ್ದರಿಂದ ಗೋವಿನಜೋಳದ (ಮೆಕ್ಕೆಜೋಳದ) ಹೈಬ್ರಿಡ್ ಬಿತ್ತುವವರು ಪ್ರತಿ ವರ್ಷ ಕೊಳ್ಳಲೇಬೇಕು. ಹಾವೇರಿ ಜಿಲ್ಲೆಯಲ್ಲಿ ಮುಂಗಾರಿನ ಹೊಲವನ್ನು ಗೋವಿನಜೋಳ ಎಷ್ಟು ಹಿಡಿದಿದೆ ಎಂದು ನಿಮಗೆ ಗೊತ್ತು. ಆದರೆ ಹಿಂಗಾರಿ ಜೋಳ, ಹೆಸರು, ಕಡಲೆ, ತೊಗರಿ, ಶೇಂಗಾ, ಸಾವೆ, ನವಣೆ, ಕುಸುಬಿ, ಬ್ಯಾಡಗಿ ಮೆಣಸಿನಕಾಯಿ ಇವೆಲ್ಲ ಸುಧಾರಿತ ಅಥವಾ ನಾಟಿ ತಳಿಗಳಾಗಿದ್ದರೆ ಬೀಜ ಮನೆಯಲ್ಲೇ ಆಗುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೂ ಬೀಜ ಉಳಿಸುವ, ಬಿತ್ತುವ, ಬದಲಿಸಿಕೊಳ್ಳುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರಾಂಡ್ ಹೆಸರಿನ ಪೊಟ್ಟಣ ಮಾಡಿ ಮಾರುವಂತಿಲ್ಲ, ಅಷ್ಟೇ.

ಹಿಂಗಾರಿ ಜೋಳದಿಂದ ಶುರು ಮಾಡೋಣ. ಬಹಳ ಮನೆಗಳಲ್ಲಿ ರಾಶಿಯಾದ ಮೇಲೆ, ದಪ್ಪ ಕಾಳು ಕಂಡ ಚೀಲ ನೋಡಿ "ಇದು ಬೀಜಕ್ಕಿರಲಿ" ಅನ್ನುತ್ತಾರೆ. ಅದು ಬೀಜ ಆರಿಸಿದಂತೆ ಆಗಲಿಲ್ಲ. ಚೀಲದಲ್ಲಿ ಕಾಳು ಕಾಣುತ್ತದೆ, ಗಿಡ ಕಾಣುವುದಿಲ್ಲ. ಆ ಗಿಡ ನೆಲಕ್ಕೆ ಬಿದ್ದಿತ್ತೋ, ದಂಟು ಒಳಗೆ ಕಪ್ಪಾಗಿತ್ತೋ, ಕಾಳು ಕಪ್ಪು ಪುಡಿಯಾಗುವ ಕಾಡಿಗೆ ರೋಗ ಹಿಡಿದ ತೆನೆಯ ಪಕ್ಕದ್ದೋ, ಯಾರಿಗೆ ಗೊತ್ತು? ಬೀಜವನ್ನು ನಿಂತ ಬೆಳೆಯಲ್ಲೇ ಆರಿಸಬೇಕು.

ಕೊಯ್ಲಿಗೆ ಎಂಟು ಹತ್ತು ದಿನ ಇರುವಾಗ ಹಳೆಯ ಸೀರೆಯ ಚಿಂದಿ ಹಿಡಿದು ಹೊಲಕ್ಕೆ ಹೋಗಿ. ಬದುವಿನ ಪಕ್ಕದ ಐದಾರು ಸಾಲು ಬಿಡಿ, ಪಕ್ಕದ ಹೊಲದ ಪರಾಗ ಬಂದಿರುವುದು ಅಲ್ಲೇ ಹೆಚ್ಚು. ಮೊದಲು ತಿಪ್ಪೆ ಇದ್ದ ಜಾಗ, ಸಾಲು ತೆರವಾಗಿ ಗಿಡಕ್ಕೆ ವಿಶಾಲವಾಗಿ ಸಿಕ್ಕ ಜಾಗ, ನೀರು ನಿಂತ ತಗ್ಗು, ಅಲ್ಲಿಯ ದೊಡ್ಡ ತೆನೆಗೆ ಮರುಳಾಗಬೇಡಿ. ಅದು ಜಾಗದ ಗುಣ, ಬೀಜದ್ದಲ್ಲ. ಎಲ್ಲ ಗಿಡಗಳ ನಡುವೆ, ಅಷ್ಟೇ ಗೊಬ್ಬರ, ಅಷ್ಟೇ ತೇವದಲ್ಲಿ ಎದ್ದು ಕಾಣುವ ಗಿಡ ಆರಿಸಿ. ಬುಡ ಅಲುಗಾಡಿಸಿ ನೋಡಿ, ಗಟ್ಟಿ ನಿಂತಿರಬೇಕು. ತೆನೆಯ ಕೆಳಗಿನಿಂದ ತುದಿಯವರೆಗೆ ಕಾಳು ತುಂಬಿರಬೇಕು. ಕಣಿಕೆಯನ್ನೂ ನೋಡಿ, ದನಕ್ಕೆ ಮೇವು ಹಾಕುವವರು ನೀವೇ. ಸಿಹಿ ದಂಟು, ಉದ್ದ ಎಲೆ ಇರುವ ಗಿಡಕ್ಕೆ ಚಿಂದಿ ಕಟ್ಟಿ.

ಎಷ್ಟು ತೆನೆ? ಎಕರೆಗೆ 3 ಕಿಲೋ ಬೀಜ ಬೇಕು. ಒಣ ಬೇಸಾಯದ ತೆನೆಯೊಂದಕ್ಕೆ 40ರಿಂದ 50 ಗ್ರಾಂ ಕಾಳು ಹಿಡಿದರೂ 60–75 ತೆನೆ ಸಾಕು. ನೂರಕ್ಕೆ ಕಟ್ಟಿ. ಐದಾರು ಭರ್ಜರಿ ತೆನೆಯಿಂದಲೇ ವರ್ಷವರ್ಷ ಬೀಜ ಮಾಡಿಕೊಂಡರೆ ತಳಿ ಇಕ್ಕಟ್ಟಾಗುತ್ತದೆ. ಒಂದು ವರ್ಷ ಮಳೆ ಮುಂಚೆ ನಿಂತಿತು, ಒಂದು ವರ್ಷ ಚಳಿ ಹೆಚ್ಚಾಯಿತು ಎಂದರೆ ತಾಳಿಕೊಳ್ಳುವ ಗಿಡಗಳೂ ಅದರೊಳಗೆ ಇರಬೇಕು.

ಕಾಡಿಗೆ ರೋಗದ ತೆನೆ ಕಂಡರೆ ಗಾಳಿಗೆ ಝಾಡಿಸದೆ, ಬಟ್ಟೆ ಚೀಲವನ್ನು ಮೇಲಿನಿಂದ ಹಾಕಿ, ಕೊಯ್ದು, ಹೊಲದ ಹೊರಗೆ ಸುಡಿ. ಒಂದು ತೆನೆ ರಾಶಿಗೆ ಬಂದರೂ ಕಪ್ಪು ಪುಡಿ ಎಲ್ಲ ಕಾಳಿಗೂ ಮೆತ್ತುತ್ತದೆ. ಮುಂದಿನ ವರ್ಷ ಬೀಜದ ಜೊತೆಯೇ ಮಣ್ಣಿಗೆ ಇಳಿದು ಎಳೆ ಸಸಿಯೊಳಗೆ ಸೇರುತ್ತದೆ. ಹೊರಗೆ ಕಾಣುವುದು ತೆನೆ ಬಂದಾಗಲೇ. ಅದಕ್ಕೇ ಬಿತ್ತುವ ಮುಂಚೆ ಕಿಲೋ ಬೀಜಕ್ಕೆ 3–4 ಗ್ರಾಂ ಗಂಧಕದ ಪುಡಿ ಸವರಲು ಹೇಳುವುದು. ಬೀಜದ ತೆನೆಗಳನ್ನು ಕಣದ ರಾಶಿಗೆ ಸೇರಿಸಬೇಡಿ, ಬೇರೆ ಹಾಸಿ ಕೈಯಿಂದ ಬಡಿಯಿರಿ. ಯಂತ್ರಕ್ಕೆ ಹಾಕಿದರೆ ಕಾಳಿನ ಮೊಳಕೆ ಭಾಗಕ್ಕೆ ಪೆಟ್ಟು ಬೀಳುತ್ತದೆ, ಕಣ್ಣಿಗೆ ಕಾಣದ ಪೆಟ್ಟು.

ಜೋಳ ಹೆಚ್ಚು ಮಟ್ಟಿಗೆ ತನ್ನ ಹೂವಿನಿಂದಲೇ ಕಾಳು ಕಟ್ಟುತ್ತದೆ. ಆದ್ದರಿಂದ ತಳಿ ಬೇಗ ಕೆಡುವುದಿಲ್ಲ. ತೊಗರಿ, ಮೆಣಸಿನಕಾಯಿ ಹಾಗಲ್ಲ, ಜೇನ್ನೊಣ ಊರ ಪರಾಗವನ್ನೆಲ್ಲ ತರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ (ಈ ಊರಿನದೇ ವಿಶೇಷ ಎಂಬ ಸರ್ಕಾರಿ ಮಾನ್ಯತೆ) ಸಿಕ್ಕಿದ್ದು ಅದರ ಸುಕ್ಕು, ಗಾಢ ಕೆಂಪು ಬಣ್ಣ, ಕಡಿಮೆ ಖಾರದಿಂದ. ಪಕ್ಕದ ಹೊಲದಲ್ಲಿ ಖಾರದ ಹೈಬ್ರಿಡ್ ಇದ್ದರೆ ನಿಮ್ಮ ಈ ವರ್ಷದ ಕಾಯಿ ನೋಡಲು ಬ್ಯಾಡಗಿಯೇ. ಒಳಗಿನ ಬೀಜ ಮಾತ್ರ ಬೆರಕೆ. ಮೂರು ನಾಲ್ಕು ವರ್ಷದಲ್ಲಿ ಸುಕ್ಕು ಹೋಗಿ ಕಾಯಿ ನುಣುಪಾಗುತ್ತದೆ, ಆಗ "ಬೀಜ ಹಳೇದಾಯ್ತು" ಅನ್ನುತ್ತೇವೆ. ಬೀಜಕ್ಕೆ ವಯಸ್ಸಾಗಲಿಲ್ಲ, ಬೆರಕೆಯಾಯಿತು. ಬೇರೆ ಮೆಣಸಿನ ಹೊಲದಿಂದ ಕನಿಷ್ಠ 200 ಮೀಟರ್ ದೂರ ಬೇಕು. ನಮ್ಮ ಚಿಕ್ಕ ಹಿಡುವಳಿಗಳಲ್ಲಿ ಅಷ್ಟು ದೂರ ಸಿಗುವುದು ಕಷ್ಟ. ಹಾಗಿದ್ದರೆ ಹೂ ಬಿಡುವ ಮುಂಚೆ ಹದಿನೈದಿಪ್ಪತ್ತು ಒಳ್ಳೆ ಗಿಡಕ್ಕೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ. ಮೆಣಸು ಪರದೆಯೊಳಗೂ ತಾನೇ ಕಾಯಿ ಕಟ್ಟುತ್ತದೆ. ಎಲೆ ಮುದುಡುವ ಮುಟುರು ರೋಗ ಬಂದ ಗಿಡ ಯಾವತ್ತೂ ಬೀಜಕ್ಕೆ ಬೇಡ. ಕಾಯಿ ಗಿಡದಲ್ಲೇ ಪೂರ್ತಿ ಕೆಂಪಾಗಿ ಬಾಡಲಿ, ಆಮೇಲೆ ಕೊಯ್ಯಿರಿ.

ಹೆಸರುಕಾಳಿನ ಬೀಜಕ್ಕೆ ಬೇರೆ ಗೋಳು. ರೋಹಿಣಿ, ಮಿರಗದ ಮಳೆಗೆ (ಮೇ ಕೊನೆ, ಜೂನ್) ಬಿತ್ತಿದ ಹೆಸರು ಆಗಸ್ಟಿನಲ್ಲಿ ಬರುತ್ತದೆ. ಗದಗ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಇದನ್ನು ತೆಗೆದು ಅದೇ ಹೊಲಕ್ಕೆ ಕಡಲೆ ಅಥವಾ ಜೋಳ ಬಿತ್ತುವುದು ಚಂದದ ಪದ್ಧತಿ, ಹೆಸರಿನ ಬೇರು ಮಣ್ಣಿಗೆ ಸಾರಜನಕ ಬಿಟ್ಟು ಹೋಗುತ್ತದೆ. ಆದರೆ ಕೊಯ್ಲಿನ ಹೊತ್ತಿಗೆ ಜಿಟಿಜಿಟಿ ಮಳೆ. ಕಾಯಿ ಗಿಡದಲ್ಲೇ ನೆನೆದು ಮೊಳಕೆ ಒಡೆಯುತ್ತದೆ. ಬೀಜಕ್ಕೆ ಬೇಕಾದ ಜಾಗದಲ್ಲಿ ಮೊದಲ ಸಲ ಕಪ್ಪಾದ ಕಾಯಿಗಳನ್ನು ಮಳೆ ಬಿಡುವು ಸಿಕ್ಕಾಗಲೇ ಬಿಡಿಸಿಕೊಳ್ಳಿ. ಗಿಡ ಕಿತ್ತು ಒಟ್ಟುವವರೆಗೆ ಕಾಯಬೇಡಿ.

ಈಗ ಗಡಿಗೆಗೆ ಬರೋಣ. ಬೇಳೆಕಾಳಿನ ನುಶಿ ಬಹಳ ಸಲ ಶುರುವಾಗುವುದು ಮನೆಯಲ್ಲಲ್ಲ. ಅದರ ತತ್ತಿ ಹೊಲದಲ್ಲೇ, ಕಾಯಿಯ ಮೇಲೆ ಬಿದ್ದಿರುತ್ತದೆ. ಹುಳು ಕಾಳಿನೊಳಗೆ ಕೂತು ಬರುತ್ತದೆ. ಆದ್ದರಿಂದ ಡಬ್ಬಿ ಎಷ್ಟು ಭದ್ರವಾದರೂ ಒಳಗಿನಿಂದಲೇ ಹೊರಡುತ್ತದೆ. ಬೀಜವನ್ನು ತಾಡಪತ್ರಿಯ ಮೇಲೆ ತೆಳ್ಳಗೆ ಹರವಿ ಮೂರು ನಾಲ್ಕು ದಿನ ಒಣಗಿಸಿ. ಕಾದ ಸಿಮೆಂಟ್ ಅಂಗಳದಲ್ಲಿ ನಡುಮಧ್ಯಾಹ್ನ ಬೇಡ, ಮೊಳಕೆ ಸಾಯುತ್ತದೆ. ಹಲ್ಲಿಗೆ ಇಟ್ಟು ಕಚ್ಚಿದರೆ ಕಟ್ ಎಂದು ಸೀಳಬೇಕು. ಅಂದರೆ ತೇವ ಶೇಕಡಾ ಹತ್ತಕ್ಕಿಂತ ಕೆಳಗೆ ಇಳಿದಿದೆ ಎಂದು ಲೆಕ್ಕ. ಬೆರಳಿಗೆ ಬಿಸಿ ತಾಗದಷ್ಟು ಆರಿದ ಮೇಲೆಯೇ ತುಂಬಿ. ಬಿಸಿಬಿಸಿ ತುಂಬಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಮನೆಯ ಬೀಜ ಹುಟ್ಟಲಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ ಆತುರ.

ಹೆಸರು, ಕಡಲೆ, ತೊಗರಿ ಬೀಜಕ್ಕೆ ಕಿಲೋಗೆ 5 ಮಿಲಿ ಔಡಲೆಣ್ಣೆ ಸವರಿ. ಅಂಗೈಯಲ್ಲಿ ಉಜ್ಜಿದರೆ ಪ್ರತಿ ಕಾಳೂ ಹೊಳೆಯಬೇಕು, ಅಂಟಬಾರದು. ಎಣ್ಣೆಯ ಪೊರೆ ತತ್ತಿಗೆ ಉಸಿರು ಕಟ್ಟಿಸುತ್ತದೆ, ಹೊಸ ತತ್ತಿ ಕಾಳಿಗೆ ಅಂಟದಂತೆಯೂ ತಡೆಯುತ್ತದೆ. ಅಥವಾ ಬಜೆಬೇರಿನ ಪುಡಿ ಕಿಲೋಗೆ 10 ಗ್ರಾಂ. ಗಡಿಗೆಯ ಬಾಯಿಗೆ ಎರಡು ಮೂರು ಬೆರಳು ದಪ್ಪ ಒಣ ಬೂದಿ ಹಾಕಿ, ಬಟ್ಟೆ ಕಟ್ಟಿ, ಸಗಣಿ ಮಣ್ಣಿನಿಂದ ಮೆತ್ತಿ. ಗೋಡೆಗೆ ತಾಗದಂತೆ, ಹಲಗೆಯ ಮೇಲೆ ಇಡಿ. ಯೂರಿಯಾ ಚೀಲದ ಪಕ್ಕ ಇಡಲೇಬೇಡಿ. ಶೇಂಗಾ ಮಾತ್ರ ಸಿಪ್ಪೆ ಸಮೇತ ಇರಲಿ. ಸುಲಿದಿಟ್ಟ ಬೀಜ ಎಣ್ಣೆ ಮುಗ್ಗಿ ಬೇಗ ಸಾಯುತ್ತದೆ. ಫೆಬ್ರುವರಿಯಲ್ಲಿ ಇಟ್ಟ ಜೋಳದ ಬೀಜ ಇಡೀ ಮಳೆಗಾಲ ದಾಟಬೇಕು. ಮೇ ತಿಂಗಳ ಬಿಸಿಲಿಗೆ ಒಮ್ಮೆ, ಆಗಸ್ಟಿನಲ್ಲಿ ಬಿಸಿಲು ಬಿದ್ದ ದಿನ ಇನ್ನೊಮ್ಮೆ ಒಣಗಿಸಿ.

ಬಿತ್ತುವ ಹತ್ತು ಹನ್ನೆರಡು ದಿನ ಮುಂಚೆ ಮೊಳಕೆ ಪರೀಕ್ಷೆ ಮಾಡಿ. ಆರಿಸದೆ, ಕೈಗೆ ಬಂದಂತೆ ನೂರು ಕಾಳು ಎಣಿಸಿಕೊಳ್ಳಿ. ಒದ್ದೆ ಗೋಣಿತಟ್ಟಿನ ಮೇಲೆ ಹತ್ತರಂತೆ ಹತ್ತು ಸಾಲು ಇಟ್ಟು, ಸುರುಳಿ ಸುತ್ತಿ, ನೆರಳಲ್ಲಿಡಿ. ದಿನಾ ನೀರು ಚಿಮುಕಿಸಿ. ಜೋಳ, ಹೆಸರಿಗೆ ವಾರ ಸಾಕು. ಮೆಣಸಿಗೆ ಎರಡು ವಾರ ಬೇಕು, ಅದನ್ನು ಇನ್ನೂ ಮುಂಚೆಯೇ ಶುರು ಮಾಡಿ. ಬೇರು, ಚಿಗುರು ಎರಡೂ ನೆಟ್ಟಗೆ ಬಂದವನ್ನು ಮಾತ್ರ ಎಣಿಸಿ. ಪ್ರಮಾಣಿತ ಬೀಜಕ್ಕೆ ಸರ್ಕಾರ ಇಟ್ಟ ಅಳತೆ ಜೋಳ, ಹೆಸರು, ತೊಗರಿಗೆ 75, ಕಡಲೆಗೆ 85, ಮೆಣಸಿಗೆ 60. ನಿಮ್ಮದು 65 ಬಂದರೆ ಎಕರೆಗೆ ಅರ್ಧ ಕಿಲೋ ಜೋಳ ಹೆಚ್ಚಿಸಿ ಬಿತ್ತಿ. ಐವತ್ತಕ್ಕಿಂತ ಕಡಿಮೆಯಾದರೆ ಅದು ರೊಟ್ಟಿಗೆ ಹೋಗಲಿ, ಬೇರೆ ಬೀಜ ಹುಡುಕಲು ಇನ್ನೂ ಸಮಯ ಇದೆ. ಹಿಂಗಾರಿ ಜೋಳಕ್ಕೆ ಇನ್ನೊಂದು ಉಪಚಾರ ಇದೆ: ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಬೀಜವನ್ನು 8 ಗಂಟೆ ನೆನೆಸಿ, ಮೊದಲಿನ ಹದಕ್ಕೆ ಬರುವವರೆಗೆ ನೆರಳಲ್ಲಿ ಒಣಗಿಸುವುದು. ಹೀಗೆ ಮಾಡಿದ ಬೀಜ ತೇವ ಕಡಿಮೆಯಿದ್ದರೂ ಬೇಗ ಏಳುತ್ತದೆ. ನೆನೆಸಿಟ್ಟು ಮರೆತರೆ ಮೊಳಕೆ ಒಡೆದು ಎಲ್ಲ ಹಾಳು.

ಒಬ್ಬರ ಗಡಿಗೆ ಒಂದು ವರ್ಷ ಕೈಕೊಡಬಹುದು. ಅದಕ್ಕೇ ಸಂಘದ ಬೀಜ ಬ್ಯಾಂಕ್ ಬೇಕು. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮ ನಿಮಗೆ ದೂರವೇನಲ್ಲ. ಅಲ್ಲಿಯ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಸಿರಿಧಾನ್ಯದ ಬೀಜ ಬ್ಯಾಂಕ್ ಮತ್ತು ಸಂಸ್ಕರಣಾ ಘಟಕ ನಡೆಸಿ, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಬೀಜ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಒಂದು ಕಿಲೋ ಒಯ್ದವರು ಸುಗ್ಗಿಯಲ್ಲಿ ಎರಡು ಕಿಲೋ ಮರಳಿಸುವ ಕಟ್ಟಳೆ ಇರುತ್ತದೆ. ಕೆಡುವುದು ಇಲ್ಲೇ. ಮರಳಿ ಬರುವುದು ಬಹಳ ಸಲ ಬೀಜ ಆಗಿರುವುದಿಲ್ಲ, ರಾಶಿಯ ಕಾಳು ಆಗಿರುತ್ತದೆ. ಎರಡು ಹಂಗಾಮಿನಲ್ಲಿ ಬ್ಯಾಂಕು ಬೆರಕೆ ಕಾಳಿನ ಉಗ್ರಾಣ ಆಗಿಬಿಡುತ್ತದೆ. ಆದ್ದರಿಂದ ಬೀಜ ಒಯ್ದವರ ಹೊಲವನ್ನು ಹೂ ಬಿಟ್ಟಾಗ ಒಮ್ಮೆ, ಕೊಯ್ಲಿನ ಮುಂಚೆ ಒಮ್ಮೆ ಸಂಘದ ಇಬ್ಬರು ನೋಡಿ ಬರಬೇಕು. ಬೇರೆ ತಳಿಯ ಗಿಡ ಇದ್ದರೆ ಅಲ್ಲೇ ಕೀಳಿಸಬೇಕು. ರಿಜಿಸ್ಟರಿನಲ್ಲಿ ತಳಿ, ಯಾರ ಹೊಲ, ಕೊಯ್ದ ತಿಂಗಳು, ಮೊಳಕೆ ಎಷ್ಟು, ಇಷ್ಟು ಬರೆದಿರಬೇಕು. ಇದೇ ಮಾಹಿತಿಯ ಚೀಟಿ ಡಬ್ಬಿಯ ಹೊರಗೊಂದು, ಒಳಗೊಂದು ಇರಲಿ. ಹೊರಗಿನದನ್ನು ಇಲಿ ತಿಂದರೆ ಒಳಗಿನದು ಉಳಿಯುತ್ತದೆ.

ಬೀಜ ಹಲವು ಬಗೆ ಇದ್ದರೆ ಹೊಲವೂ ಹಲವು ಬಗೆ ಆಗುತ್ತದೆ. ಕೂರಿಗೆಯ ಹಿಂದೆ ನಡೆದು ಅಕ್ಕಡಿ ಸಾಲಿಗೆ (ಮುಖ್ಯ ಬೆಳೆಯ ನಡುವಿನ ಬೇರೆ ಬೆಳೆಯ ಸಾಲಿಗೆ) ಕಾಳು ಬಿಡುತ್ತಿದ್ದವರು ಹೆಣ್ಣುಮಕ್ಕಳೇ. ಐದಾರು ಸಾಲು ನವಣೆಗೆ ಒಂದು ಸಾಲು ತೊಗರಿ, ಕಡಲೆಯ ಸುತ್ತ ಮುಳ್ಳಿನ ಕುಸುಬಿ. ಈ ಭಾಗದ ಉಳ್ಳಾಗಡ್ಡಿ, ಮೆಣಸಿನಕಾಯಿ, ಜಯಧರ ತಳಿಯ ಹತ್ತಿಯ ಮಿಶ್ರ ಬೆಳೆಯನ್ನೇ ನೋಡಿ. ಉಳ್ಳಾಗಡ್ಡಿ ದಸರೆಯ ಹೊತ್ತಿಗೆ ಬರುತ್ತದೆ, ಮೆಣಸು ಡಿಸೆಂಬರಿನಿಂದ, ಹತ್ತಿ ಬೇಸಿಗೆಯ ಮುಖಕ್ಕೆ. ಒಂದು ನೆಲದಿಂದ ಮೂರು ಸಲ ರೊಕ್ಕ, ಒಂದಕ್ಕೆ ದರ ಬಿದ್ದರೆ ಇನ್ನೊಂದು ಹಿಡಿಯುತ್ತದೆ.

ಈ ಮಿಶ್ರ ಬೆಳೆಯನ್ನು ಮೆಲ್ಲಗೆ ಹೊರದಬ್ಬಿದ್ದು ಕಳೆನಾಶಕ. ಏಕದಳ ಉಳಿಸುವ ಔಷಧ ದ್ವಿದಳ ಸುಡುತ್ತದೆ, ದ್ವಿದಳ ಉಳಿಸುವುದು ಏಕದಳ ಸುಡುತ್ತದೆ. ಜೋಳ, ಕಡಲೆ ಒಟ್ಟಿಗಿರುವ ಹೊಲಕ್ಕೆ ಹೊಡೆಯುವ ಹಾಗಿಲ್ಲ. ಔಷಧ ಬಂತು, ಅಕ್ಕಡಿ ಹೋಯಿತು. ಬೆನ್ನು ಬಾಗಿಸಿ ಕಸ ತೆಗೆಯುವ ಶ್ರಮ ತಪ್ಪಿದ್ದು ಒಳ್ಳೆಯದೇ. ಯಾರೂ ಹೆಣ್ಣುಮಕ್ಕಳು ದಿನವಿಡೀ ಬಗ್ಗಿರಲಿ ಎಂದು ಬಯಸಬಾರದು. ದಾರಿ ಇದೆ: ಬಿತ್ತಿದ ಮೂರನೇ ವಾರ ಒಮ್ಮೆ, ಐದನೇ ವಾರ ಒಮ್ಮೆ ಎಡೆ ಹೊಡೆದರೆ ಸಾಲಿನ ನಡುವಿನ ಕಳೆ ಹೋಗುತ್ತದೆ. ಸಾಲಿನೊಳಗಿನದಕ್ಕಷ್ಟೇ ಕೈ ಬೇಕು. ಕಳೆ ಬೆಳೆಗೆ ಹೆಚ್ಚು ಹಾನಿ ಮಾಡುವುದು ಮೊದಲ 30–40 ದಿನ. ಆ ದಿನಗಳಲ್ಲಿ ಮುಯ್ಯಾಳು (ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿಯುವುದು) ಕಟ್ಟಿಕೊಂಡು ಒಬ್ಬರ ಹೊಲ ಒಂದು ದಿನದಲ್ಲಿ ಮುಗಿಸಿ.

ಕಡಲೆಯ ಕಾಯಿಕೊರಕಕ್ಕೆ ಬೇವಿನ ಕಷಾಯ ಎಲ್ಲರಿಗೂ ಗೊತ್ತು, "ಹೊಡೆದರೂ ಹುಳು ಸಾಯಲಿಲ್ಲ" ಎಂಬ ಮಾತೂ ಗೊತ್ತು. ಜೂನ್, ಜುಲೈನಲ್ಲಿ ಬಿದ್ದ ಬೇವಿನ ಹಣ್ಣು ಆರಿಸಿ, ತಿರುಳು ತೊಳೆದು, ಬೀಜ ನೆರಳಲ್ಲಿ ಒಣಗಿಸಿ, ಗೋಣಿಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ಬೂಸ್ಟು ಬರುತ್ತದೆ. ಹೋದ ವರ್ಷದ ಬೀಜಕ್ಕೆ ಸತ್ವ ಇರುವುದಿಲ್ಲ. 5 ಕಿಲೋ ಒಳತಿರುಳು ಕುಟ್ಟಿ, ಹತ್ತು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಹಿಂಡಿ ಸೋಸಿ, 100 ಲೀಟರ್ ಮಾಡಿ, 100 ಗ್ರಾಂ ಸೋಪಿನ ಪುಡಿ ಸೇರಿಸಿ, ಅದೇ ದಿನ ಸಂಜೆ ಹೊಡೆಯಿರಿ. ಬಿಸಿಲಿಗೆ ಬೇವಿನ ಗುಣ ಒಡೆದುಹೋಗುತ್ತದೆ. ಬೆರಳ ತುದಿಯಷ್ಟು ದಪ್ಪ ಹುಳುವಿಗೆ ಇದು ಏನೂ ಮಾಡದು. ತತ್ತಿ ಕಾಣುವಾಗ, ಹುಳು ದಾರದಷ್ಟಿರುವಾಗ ಹೊಡೆಯಬೇಕು. ದೊಡ್ಡ ಹುಳುವಿಗೆ ಹಕ್ಕಿಗಳಿವೆ. ಹೊಲದಲ್ಲಿ ಅಲ್ಲಲ್ಲಿ ಕವಲು ಕೋಲು ನೆಟ್ಟು, ಬೆಳಗ್ಗೆ ಒಂದು ಹಿಡಿ ಚುರುಮುರಿ ಚೆಲ್ಲಿದರೆ ಅವು ಬಂದು ಕೂರುತ್ತವೆ.

ಸಾವೆ ಬೆಳೆದ ಸಂಘಗಳಿಗೆ ಒಂದೇ ಕಿವಿಮಾತು. ಹೊಟ್ಟು ಸಮೇತ ಸಾವೆ ವರ್ಷಗಟ್ಟಲೆ ಕೆಡುವುದಿಲ್ಲ. ಪಾಲಿಶ್ ಇಲ್ಲದ ಸಾವೆ ಅಕ್ಕಿ ಎರಡು ಮೂರು ತಿಂಗಳಲ್ಲಿ ತೌಡಿನ ಎಣ್ಣೆ ಮುಗ್ಗಿ ಕಹಿಯಾಗುತ್ತದೆ. ಹಾಗಾಗಿ ಯಂತ್ರ ಬಂತೆಂದು ಎಲ್ಲವನ್ನೂ ಒಮ್ಮೆಗೇ ಅಕ್ಕಿ ಮಾಡಬೇಡಿ. ಗಿರಾಕಿ ಕೇಳಿದಷ್ಟು ಮಾಡಿ. ನೂರು ಕಿಲೋಗೆ ಅಕ್ಕಿ 60ರ ಆಸುಪಾಸು ಎಂದು ಲೆಕ್ಕ ಹಿಡಿದು ದರ ಕಟ್ಟಿ. ಡಾಂಬರು ರಸ್ತೆಯ ಮೇಲೆ ರಾಶಿ ಮಾಡಿದ ಸಾವೆಯ ಸಣ್ಣ ಕಲ್ಲು ಯಾವ ಯಂತ್ರದಲ್ಲೂ ಪೂರ್ತಿ ಹೋಗದು, ಮೊದಲೇ ತಾಡಪತ್ರಿ ಹಾಸಿ.

ಇನ್ನು ಪಹಣಿ. 2026ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷ ಎಂದು ಘೋಷಿಸಿದೆ. ಆದರೆ ರೈತ ಸಂಪರ್ಕ ಕೇಂದ್ರದ ಮುಂದೆ ರೈತ ಎಂದರೆ ಪಹಣಿಯ 9ನೇ ಕಾಲಂನಲ್ಲಿ ಹೆಸರಿರುವವರು. ಆ ಹೆಸರಿನ ಮೇಲೆ ಫ್ರೂಟ್ಸ್ ಎಂಬ ಸರ್ಕಾರದ ರೈತ ನೋಂದಣಿ ತಂತ್ರಾಂಶದ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಆಗುತ್ತದೆ. ಸಹಾಯಧನದ ಬೀಜ, ಬೆಂಬಲ ಬೆಲೆಯ ನೋಂದಣಿ, ಬೆಳೆ ಪರಿಹಾರ ಎಲ್ಲವೂ ಆ ಸಂಖ್ಯೆಗೆ ಕಟ್ಟಿಕೊಂಡಿವೆ. ಹೊಲದಲ್ಲಿ ದುಡಿದು ಬೆಳೆದವರು ನೀವಾದರೂ ರೊಕ್ಕ ಬೇರೆ ಖಾತೆಗೆ ಬೀಳುವುದು ಇದರಿಂದಲೇ.

ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. ಆಗ ಮದುವೆಯಾದವರು ಹೊರಗುಳಿದಿದ್ದರು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಸೇರಿಸಿತು. ತಂದೆ 2005ಕ್ಕಿಂತ ಮುಂಚೆ ತೀರಿಕೊಂಡಿದ್ದರೂ ಮಗಳಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ರ ಮುಂಚೆ ನೋಂದಣಿಯಾದ ಪಾಲು ಪತ್ರ, ಕೋರ್ಟ್ ಡಿಕ್ರಿಯ ಪಾಲು, ಆಗಲೇ ಆದ ಮಾರಾಟದಂಥವಕ್ಕೆ ಮಾತ್ರ ಇದು ತಾಗದು. ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಅದನ್ನು ಯಾರಿಂದಲಾದರೂ ಪೂರ್ತಿ ಓದಿಸಿಕೊಳ್ಳಿ. ಗಂಡನನ್ನು ಕಳೆದುಕೊಂಡ ತಾಯಂದಿರು ಪೌತಿ ಖಾತೆಯನ್ನು (ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದನ್ನು) "ಆಮೇಲೆ ನೋಡೋಣ" ಎಂದು ಬಿಡಬೇಡಿ. ಮರಣ ಪ್ರಮಾಣಪತ್ರ, ವಂಶಾವಳಿ, ಪಹಣಿ, ಆಧಾರ್ ಹಿಡಿದು ನಾಡಕಚೇರಿಗೆ ಹೋಗಿ ಅರ್ಜಿ ಕೊಡಿ, ಸ್ವೀಕೃತಿ ಇಸಿದುಕೊಳ್ಳಿ. ಗಂಡ ಬದುಕಿದ್ದು ಪಾಲು ಮಾಡಲು ಮನಸ್ಸಿಲ್ಲದ ಮನೆಗಳಲ್ಲಿ ಹೊಲಕ್ಕೆ ಇಬ್ಬರ ಹೆಸರಿನ ಜಂಟಿ ಖಾತೆಯ ಮಾತಾದರೂ ಆಗಲಿ.

ಹೆಸರು ಬಂದ ಮೇಲೆ 12ನೇ ಕಾಲಂ ನೋಡಿ, ಬೆಳೆ ನಮೂದಾಗುವುದು ಅಲ್ಲಿ. ಬೆಳೆ ಸಮೀಕ್ಷೆಗೆ ಬಂದವರು ಅಕ್ಕಡಿ ಹೊಲವನ್ನು ನೋಡಿ ಹೆಚ್ಚಿದ್ದ ಒಂದೇ ಬೆಳೆ ಬರೆದು ಹೋಗುವುದುಂಟು. ನೀವು ತೊಗರಿಗೆ ವಿಮೆ ಕಟ್ಟಿರುತ್ತೀರಿ, ದಾಖಲೆಯಲ್ಲಿ ನವಣೆ ಮಾತ್ರ ಇರುತ್ತದೆ, ವಿಮೆ ತಿರಸ್ಕಾರವಾಗುತ್ತದೆ. ಸಮೀಕ್ಷೆಯ ದಿನ ಹೊಲದಲ್ಲಿ ನಿಂತು ಮಿಶ್ರ ಬೆಳೆ ಎಂದೇ ಬರೆಸಿ, ಎರಡೂ ಬೆಳೆ ಕಾಣುವ ಹಾಗೆ ಫೋಟೋ ತೆಗೆಸಿ. ಆಮೇಲೆ ಬೆಳೆ ದರ್ಶಕ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಹಾಕಿ. ಕೊಯ್ದ ಮೇಲೆ ತೋರಿಸಲು ಕೂಳೆಯಷ್ಟೇ ಉಳಿದಿರುತ್ತದೆ.